ಇಪ್ಪತ್ತಮೂರನೇ ಸ್ಥಿರಾಂಕ

ಮೇ 26, ಸೋಮವಾರ. ಬೆಳಿಗ್ಗೆ 6.20

ಗಂಡ ಮಾಂತು ಐದೂ ಮುಕ್ಕಾಲಿಗೇ ಕಂಪನಿ ಬಸ್ ಹತ್ತಿದ. ಅತ್ತೆಯ ಸ್ನಾನ ನಡೆದಿದೆ. ಎಂಟರವರೆಗೆ ಟೇಬಲ್ ನನ್ನದು. ಆಮೇಲೆ ಕಾಲೇಜು, ಪರೀಕ್ಷೆ ಸೂಪರ್‌ವಿಜನ್.

c₉ ಮುಗಿಯಿತು. c₁₀ ಸುಲಭ. c₁₁ಕ್ಕೆ ಎರಡು ಪುಟ ಹಿಡಿಯಿತು.

ನನ್ನ ಗೈಡ್ ಪಂಢರಿನಾಥ ಸರ್ 1991ರಲ್ಲಿ ಬರೆದ ಪೇಪರ್. ನನ್ನ ಏಳು ವರ್ಷದ ಥೀಸಿಸ್ ನಿಂತಿರುವುದು ಅದರ ಲೆಮ್ಮಾ 4ರ ಮೇಲೆ, ಆ ನಾಲ್ಕನೇ ಉಪಪ್ರಮೇಯದ ಮೇಲೆ. ಮೊದಲ ಪುಟದಲ್ಲೇ ಹೇಳಿಬಿಟ್ಟಿದ್ದಾರೆ — ಇಲ್ಲಿ c ಎಂದರೆ ಒಂದು ಸ್ಥಿರಾಂಕ, ಅದು ಸಾಲಿನಿಂದ ಸಾಲಿಗೆ ಬದಲಾಗಬಹುದು. ನಮ್ಮ ಗಣಿತದ ಜನ ಎಲ್ಲರೂ ಹೀಗೇ ಬರೆಯುತ್ತಾರೆ. ಒಂದು ಸಾಲಿನಲ್ಲಿ c ಅಂದರೆ ಐದು, ಮುಂದಿನ ಸಾಲಿನಲ್ಲಿ ಐದು ಕೋಟಿ. ಯಾರೂ ಕೇಳುವುದಿಲ್ಲ. ಸೋಮಾರಿತನಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ ಹಾಗೆ.

ಹೋದ ತಿಂಗಳು ಸರ್‌ಗೆ ಏನನ್ನಿಸಿತೋ. ಎಲ್ಲ c ಗಳನ್ನೂ ಬೇರೆ ಮಾಡು, ನಂಬರ್ ಹಾಕು, ಪ್ರತಿಯೊಂದೂ ಯಾವುದರ ಮೇಲೆ ಅವಲಂಬಿಸಿದೆ ಬರೆ ಎಂದರು. ಗುಮಾಸ್ತಿಕೆ. ಆದರೂ ಹಿತ ಅನ್ನಿಸುತ್ತಿದೆ. ಎಣಿಸುವ ಕೆಲಸ ಮುಗಿಯುತ್ತದೆ ಎನ್ನುವುದಾದರೂ ಗೊತ್ತಿರುತ್ತದೆ.

ಥೀಸಿಸ್ ಕೊಡಲು ಜುಲೈ 31 ಕೊನೆಯ ದಿನ. ಎರಡು ಸಲ ಎಕ್ಸ್‌ಟೆನ್ಷನ್ ಆಗಿದೆ, ಮೂರನೆಯದಿಲ್ಲ. ಕಾಲೇಜಿನ ಪರ್ಮನೆಂಟ್ ಪೋಸ್ಟಿಗೂ ಸಬ್ಮಿಷನ್ ರಸೀದಿ ಬೇಕು. ಹನ್ನೊಂದು ವರ್ಷದಿಂದ ಕಾಂಟ್ರ್ಯಾಕ್ಟ್. ಸಾಕು.

ಮೇ 29, ಗುರುವಾರ. ಮಧ್ಯಾಹ್ನ 1.15

ಸರ್ ಮನೆಗೆ ಹೋಗಿ ಬಂದೆ. ಗುರುವಾರ ತಪ್ಪಿಸುವುದಿಲ್ಲ. ಧನಕವಡಿಯಿಂದ ಶೇರ್ ರಿಕ್ಷಾ, ಆಮೇಲೆ ನಡಿಗೆ.

ಪಾರ್ಶ್ವವಾಯು ಆಗಿ ಹದಿಮೂರು ತಿಂಗಳು. ಬಲಗೈ ಎತ್ತುವುದಿಲ್ಲ. ಮಾತು ನಿಧಾನ, ತಲೆ ಮಾತ್ರ ಮೊದಲಿನಂತೆಯೇ. “ಕುಠೇ ಪೋಹೋಚಲೀಸ?” ಎಲ್ಲಿಗೆ ಮುಟ್ಟಿದೆ ಅಂತ, ಮರಾಠಿಯಲ್ಲಿ. “ಸೀ ಫೋರ್ಟೀನ್, ಸರ್” ಎಂದೆ. ಕಣ್ಣು ಮುಚ್ಚಿಕೊಂಡರು. ಸಂತೋಷಕ್ಕೆ ಎಂದುಕೊಂಡೆ.

ಸರ್ ಹೆಂಡತಿ, ಕಾಕು, ಒಳಗೆ ಕರೆದು ಒಂದು ಕಟ್ಟು ತೋರಿಸಿದರು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಭಾಗ. ತುಂಬ ಸರ್‌ನ ಸಹಿ. ಎಡಗೈಯಲ್ಲಿ. ಮೊದಲ ಹಾಳೆಯಲ್ಲಿ ಏನೂ ತಿಳಿಯದು. ಕೊನೆಯದರಲ್ಲಿ ಹೆಸರು ಓದಬಹುದು. ನನ್ನ ಥೀಸಿಸ್‌ನ ಗೈಡ್ ಸರ್ಟಿಫಿಕೇಟಿಗೆ ಸಹಿ ಬೇಕಲ್ಲ, ಅದಕ್ಕೆ ದಿನಾ ಬೆಳಿಗ್ಗೆ ಅಭ್ಯಾಸ. ಹೆಬ್ಬೆಟ್ಟು ನಡೆಯುತ್ತದೆ ಎಂದು ವಿದ್ಯಾಪೀಠದವರೇ ಹೇಳಿದ್ದರಂತೆ. ಬೇಡ ಎಂದರಂತೆ ಸರ್.

ಬರುವಾಗ ರಿಕ್ಷಾದಲ್ಲಿ ಅತ್ತುಬಿಟ್ಟೆ. ಪಕ್ಕದವಳು ನೀರು ಕೊಟ್ಟಳು.

ಜೂನ್ 1, ಭಾನುವಾರ

ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಮಾಂತು ಮೊಬೈಲ್ ಹಿಡಿದು ಮಲಗಿದ್ದ.

“ಏಳ್ ವರ್ಷದಿಂದ ಏನ್ ಹುಡುಕ್ತೀಯವ್ವಾ ಶೈಲಾ?”

“ಬಿಂದು ಹುಡುಕ್ತೀನ್ರಿ ಅತ್ತಿ. ಒಂದು ಸೊಟ್ಟ ಗೆರಿ ಅದ. ಅದರ ಮ್ಯಾಲಿನ ಬಿಂದು.”

“ಸಿಗವಲ್ವೇನು?”

“ಸಿಕ್ಕಾವ್ರಿ. ಎಲ್ಲಾ ಸಿಕ್ಕಾವೋ ಇಲ್ಲೋ ಗೊತ್ತಾಗವಲ್ದು. ಮುಗೀತಾವ ಅನ್ನೂದು ಗೊತ್ತದ. ಎಲ್ಲಿಗೆ ಮುಗೀತಾವ ಅನ್ನೂದು ಗೊತ್ತಿಲ್ಲ.”

ಬಿಂದುವಿನ ಎತ್ತರ ಎಂದರೇನು ಎಂದೂ ಹೇಳಿದೆ. ಅರ್ಧ ಎನ್ನುವುದು ಗಿಡ್ಡ ಸಂಖ್ಯೆ — ಒಂದು, ಎರಡು, ಬರೆದರೆ ಮುಗಿಯಿತು. ಸಾವಿರದಲ್ಲಿ ಐನೂರಾ ಒಂದು ಭಾಗ ಎಂದರೆ ಅದೂ ಹೆಚ್ಚುಕಡಿಮೆ ಅರ್ಧವೇ, ಆದರೆ ಬರೆಯಲು ಶಾಯಿ ಜಾಸ್ತಿ. ಎಷ್ಟು ಶಾಯಿ ಬೇಕೋ ಅಷ್ಟು ಎತ್ತರ. ನಮ್ಮ ಗೆರೆಯ ಮೇಲಿನ ಯಾವ ಬಿಂದುವಿಗೂ ಇಷ್ಟಕ್ಕಿಂತ ಹೆಚ್ಚು ಶಾಯಿ ಬೇಕಿಲ್ಲ ಎಂದು ತೋರಿಸಿಬಿಟ್ಟರೆ ಅಲ್ಲಿಯವರೆಗೆ ಹುಡುಕಿ ನಿಲ್ಲಿಸಬಹುದು. ಇಲ್ಲದಿದ್ದರೆ ನಿಲ್ಲಿಸುವುದು ಎಲ್ಲಿ?

ಅತ್ತೆ ಮೊರ ಕುಟ್ಟಿದರು. “ಇದೂ ಹಂಗ ಅದ ಬಿಡು. ಹರಳು ಮುಗದೂ ಅಂತ ಯಾರ್ ಹೇಳ್ಬೇಕು? ಉಣ್ಣೂ ಮುಂದ ಹಲ್ಲಿಗೆ ಹತ್ತಿದಾಗನ ಗೊತ್ತು.”

ಮಾಂತು ಮಲಗಿದಲ್ಲಿಂದಲೇ, “ನಮ್ಮಲ್ಲಿ ಅಪ್ಪರ್ ಲಿಮಿಟ್ ಇಲ್ಲದ ಡ್ರಾಯಿಂಗ್ ಬಂದ್ರ ವಾಪಸ್ ಒಗೀತೀವಿ,” ಎಂದ. ಅವನು ಕಾರ್ಖಾನೆಯ ಕ್ವಾಲಿಟಿ ವಿಭಾಗದವನು. ದಿನಕ್ಕೆ ನೂರು ಶಾಫ್ಟ್ ಅಳೆದು ಹತ್ತು ತಿರಸ್ಕರಿಸಿ ಬರುವ ಮನುಷ್ಯ. ಮನೆಯ ಚಪಾತಿಯೂ ಬಚಾವಾಗುವುದಿಲ್ಲ.

ಜಗತ್ತಿನಲ್ಲಿ ಯಾರಿಗೂ ಸಾಮಾನ್ಯ ವಕ್ರರೇಖೆಗಳಿಗೆ ಈ ಮಿತಿ ಗೊತ್ತಿಲ್ಲ. ಒಂದು ಸಣ್ಣ ಕುಟುಂಬದ ಗೆರೆಗಳಿಗೆ ಸರ್ ದಾರಿ ತೋರಿಸಿದರು. ಆ ದಾರಿಯಲ್ಲಿ ನಡೆದು ಮಿತಿಯನ್ನು ಕೈಗೆ ಸಿಗುವ ಸಂಖ್ಯೆಯಾಗಿ ಬರೆಯುವುದು ನನ್ನ ಪಾಲಿನದು. ಇಷ್ಟೇ ನನ್ನ ಜೀವನ. ಸಣ್ಣದೇ, ಆದರೆ ನನ್ನದು.

ಜೂನ್ 5, ಗುರುವಾರ

c₂₂. ಸರ್‌ಗೆ ಜ್ವರ, ಬರಬೇಡ ಎಂದು ಕಾಕು ಫೋನ್ ಮಾಡಿದರು. ನಾಳೆ c₂₃.

ಜೂನ್ 6, ಶುಕ್ರವಾರ. ಬೆಳಿಗ್ಗೆ 11.20

ಸಾಲು 14. ಲೆಮ್ಮಾ 4ರಲ್ಲಿ ಸರ್ ಬರೆದದ್ದು: c ಗಿಂತ ಕಡಿಮೆ. ಈ c ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋದೆ. ಸಾಲು 11ರಲ್ಲಿ ಒಂದು ಬಹುಪದಿ ಕಟ್ಟಿದ್ದಾರೆ. ಅದರ ಡಿಗ್ರಿ ಆರಿಸಿದ್ದು ಬಿಂದು P ಯ ಎತ್ತರ ನೋಡಿಕೊಂಡು. ಆ ಡಿಗ್ರಿ ಸಾಲು 12ರ c ಒಳಗೆ ಸೇರಿತು. ಸಾಲು 13ರಲ್ಲಿ ಆ c ಇನ್ನೊಂದು c ಆಯಿತು. 14ರಲ್ಲಿ ಮತ್ತೊಂದು.

c₂₃ರ ಒಳಗೆ P ಯ ಎತ್ತರ ಕೂತಿದೆ. ಯಾವುದಕ್ಕೆ ಬೇಲಿ ಹಾಕಬೇಕೋ ಅದೇ.

ನನ್ನ ಲೆಕ್ಕ ತಪ್ಪಿರಬೇಕು.

ಅದೇ ದಿನ. ಸಂಜೆ 4.00

ಚಹಾ. ಮತ್ತೆ ಮೊದಲಿನಿಂದ. ಅದೇ.

ಜೂನ್ 8, ಭಾನುವಾರ

ಅದೇ.

ನನ್ನ ಮುಖ್ಯ ಪ್ರಮೇಯ ಈಗ ಹೀಗಿದೆ: P ಯ ಎತ್ತರ, P ಯ ಎತ್ತರ ಎಷ್ಟಿದೆಯೋ ಅದನ್ನು ನೋಡಿ ಹೇಳಬಹುದಾದಷ್ಟಕ್ಕಿಂತ ಹೆಚ್ಚಲ್ಲ. ಸಾಧಿಸಲಾಯಿತು. 118 ಪುಟ.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ನನಗೆ ಇಲಿಯೂ ಇಲ್ಲ.

ಜೂನ್ 12, ಗುರುವಾರ

ಸರ್ “ಕುಠೇ?” ಎಂದರು. ಸೀ ಟ್ವೆಂಟಿ-ಟೂ ಎಂದೆ. ಸುಳ್ಳಲ್ಲ. ಅವರು ನನ್ನನ್ನೇ ನೋಡಿದರು, ತುಂಬ ಹೊತ್ತು. ಕಾಕು ಹೊಸ ಹಾಳೆ ತೋರಿಸಿದರು. ಸಹಿಯ ಕೆಳಗಿನ ಗೆರೆ ಈಗ ನೇರ ಬರುತ್ತಿದೆ.

ಜೂನ್ 15, ಭಾನುವಾರ. ಮಧ್ಯಾಹ್ನ

ಖರಾಡಿಗೆ ಹೋಗಿ ಋಷಿಕೇಶನನ್ನು ಕಂಡೆ. ನನಗಿಂತ ಮೊದಲು ಸರ್ ಹತ್ತಿರ ಇದೇ ಪ್ರಾಬ್ಲೆಮ್ ಮೇಲೆ ಮೂರು ವರ್ಷ ಇದ್ದ. ಬಿಟ್ಟು ಡೇಟಾ ಕಂಪನಿ ಸೇರಿದ. ಆಗ ನಾವೆಲ್ಲ ಹಣದ ಆಸೆ ಎಂದು ಆಡಿಕೊಂಡಿದ್ದೆವು.

ಕೆಫೆಯಲ್ಲಿ ಕೂತು ನಾನಿನ್ನೂ ಬಾಯಿ ತೆರೆದಿರಲಿಲ್ಲ. “ಲೆಮ್ಮಾ ಫೋರ್?” ಎಂದ.

“ನಿನಗೆ ಗೊತ್ತಿತ್ತಾ?”

“ಥರ್ಡ್ ಇಯರ್‌ನಲ್ಲಿ ಸಿಕ್ತು. ಸರ್‌ಗೆ ಹೇಗೆ ಹೇಳೋದು? ಅವರದು ಅದೊಂದೇ ಪೇಪರ್. ಜಾಬ್ ಸಿಕ್ಕಿದೆ ಅಂತ ಹೇಳಿ ಹೊರಟೆ.” ಬೆಳಗಾವಿಯಲ್ಲಿ ಬೆಳೆದವನು, ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಾನೆ.

“ನನಗಾದರೂ ಹೇಳಬಹುದಿತ್ತಲ್ಲ.”

ಸ್ಟ್ರಾ ತಿರುಗಿಸುತ್ತ ಕೂತ. “ನೀನು ಸರಿ ಮಾಡ್ತೀಯ ಅಂದ್ಕೊಂಡೆ. ನಿಜವಾಗ್ಲೂ. ನೀನು ನನಗಿಂತ ಹಟಮಾರಿ.” ಆಮೇಲೆ, “ಸಬ್ಮಿಟ್ ಮಾಡು ಶೈಲಾ. ಕೋಣೀ ಬಘತ ನಾಹೀ. ಮೂವತ್ತು ವರ್ಷ ಯಾರೂ ನೋಡಿಲ್ಲ.”

ಹೊಡೆಯಬೇಕು ಅನ್ನಿಸಿತು. ಕಾಫಿ ಕುಡಿದು ಬಂದೆ.

ಜೂನ್ 20, ಶುಕ್ರವಾರ

ಯಾತ್ರೆಯ ಪಲ್ಲಕ್ಕಿ, ಪಾಲಖಿ, ಬಂದಿದೆ, ರಸ್ತೆ ಬಂದ್, ಕಾಲೇಜಿಲ್ಲ. ಅತ್ತೆ ಪಕ್ಕದ ಮನೆಯವರೊಂದಿಗೆ ನಡೆದು ಹೋಗುವ ವಾರಕರಿ ಯಾತ್ರಿಕರಿಗೆ ಬಾಳೆಹಣ್ಣು ಹಂಚಲು ಹೋದರು. ಪೂರ್ತಿ ದಿನ ಟೇಬಲ್ ನನ್ನದು.

ಮೂರು ರಿಪೇರಿ ಪ್ರಯತ್ನಿಸಿದೆ. ಡಿಗ್ರಿಯನ್ನು P ನೋಡದೆ ಆರಿಸಿದರೆ ಸಾಲು 17 ಬೀಳುತ್ತದೆ. ಎರಡು ಬಿಂದು ತೆಗೆದುಕೊಂಡರೆ ಎರಡನೆಯದಕ್ಕೆ ಮಿತಿ ಸಿಗುತ್ತದೆ, ಮೊದಲನೆಯದು ಬಯಲಲ್ಲಿ ನಿಲ್ಲುತ್ತದೆ. ಮೂರನೆಯದು ಬರೆಯಲು ನಾಚಿಕೆ.

ಇದು ಸಣ್ಣ ತೂತಲ್ಲ. ಜಗತ್ತಿನ ದೊಡ್ಡ ತಲೆಗಳು ನಿಂತಿರುವ ಗೋಡೆಯೇ ಇದು. ಸರ್ ಗೋಡೆ ದಾಟಿದ್ದಾರೆ ಎಂದುಕೊಂಡಿದ್ದೆವು. ಗೋಡೆಯ ಮೇಲೆ c ಎಂದು ಬರೆದಿದ್ದರು, ಅಷ್ಟೆ.

ಜುಲೈ 3, ಗುರುವಾರ

ಹದಿಮೂರು ದಿನ ಬರೆದಿಲ್ಲ. ಆರನೇ ರಿಪೇರಿಯೂ ಬಿತ್ತು. ಎರಡು ಗುರುವಾರ ಸರ್ ಮನೆಗೆ ಹೋಗಲಿಲ್ಲ, ನೆಗಡಿ ಎಂದೆ.

ಮಾಂತುಗೆ ಹೇಳಿದೆ. ಊಟದ ತಟ್ಟೆ ಮುಂದಿಟ್ಟುಕೊಂಡು ಕೇಳಿದ. ನಾನು ಅಳಲಿಲ್ಲ, ಒಣ ಬಾಯಲ್ಲಿ ಹೇಳಿದೆ.

“ಅಂದ್ರ ಗೇಜ್‌ನ ತಪ್ಪದ,” ಎಂದ.

“ಹೂಂ.”

“ಯಾವ ಪೀಸ್ ಅಳೀಬೇಕೋ ಅದರ ಮ್ಯಾಲಿಂದನ ಗೇಜ್ ಮಾಡ್ಯಾರ. ಎಲ್ಲಾ ಪೀಸ್ ಪಾಸ್ ಆಗ್ತಾವ.”

ಏಳು ವರ್ಷದ ಗಣಿತವನ್ನು ಅವನು ಒಂದು ತುತ್ತಿನಲ್ಲಿ ಮುಗಿಸಿದ.

“ನಿಮ್ಮಲ್ಲಿ ಹಿಂಗಾದ್ರ ಏನ್ ಮಾಡ್ತೀರಿ?”

“ಗೊತ್ತಾದ ಮ್ಯಾಲೂ ಪಾಸ್ ಮಾಡಿದವನ ನೌಕರಿ ಹೋಗ್ತದ.” ಮತ್ತೊಂದು ತುತ್ತು ಕಲಸಿ, “ನಿಂದು ಬ್ಯಾರೆ ಅದ. ನಿನಗ ಹೆಂಗ ಅನಸ್ತದ ಹಂಗ ಮಾಡು,” ಎಂದ. ಬೇರೆ ಅಲ್ಲ. ಇಬ್ಬರಿಗೂ ಗೊತ್ತು.

ಜುಲೈ 10, ಗುರುವಾರ. ಮಧ್ಯಾಹ್ನ 3.00

ಗುರುಪೂರ್ಣಿಮೆ. ಶೇವಂತಿಗೆ ಹೂ, ಪೇಢೆ ತೆಗೆದುಕೊಂಡು ಹೋದೆ. ಇವತ್ತೇ ಹೇಳಬೇಕಿತ್ತಾ? ಇವತ್ತು ಬಿಟ್ಟರೆ ಹೇಳುತ್ತಿರಲಿಲ್ಲ.

ಕಾಲಿಗೆ ನಮಸ್ಕಾರ ಮಾಡಿ ಎದ್ದೆ. “ಸರ್, ಸೀ ಟ್ವೆಂಟಿ-ಥ್ರೀ,” ಎಂದೆ.

ಸರ್ ತಲೆಯಾಡಿಸಿದರು. ಎಡಗೈಯಿಂದ ಕಪಾಟು ತೋರಿಸಿ ಕಾಕುಗೆ “ನಿಳೀ ಫಾಯಿಲ” ಎಂದರು. ಕಾಕು ನೀಲಿ ಫೈಲ್ ತಂದುಕೊಟ್ಟರು. ಒಳಗೆ 1991ರ ಪೇಪರಿನ ಅವರ ಸ್ವಂತ ಪ್ರತಿ. ಅದೇ ಪುಟ, ಸಾಲು 14. c ಸುತ್ತ ಪೆನ್ಸಿಲ್‌ನಲ್ಲಿ ಒಂದು ಸಣ್ಣ ವೃತ್ತ. ಪಕ್ಕದಲ್ಲಿ P, ಒಂದು ಪ್ರಶ್ನಾರ್ಥಕ ಚಿಹ್ನೆ, ತಾರೀಖು. 14-8-96.

ಇಪ್ಪತ್ತೊಂಬತ್ತು ವರ್ಷ.

“ಮಲಾ ಮಾಹೀತ ಹೋತಂ,” ಎಂದರು. ಗೊತ್ತಿತ್ತು. ಆಮೇಲೆ ಒಂದೊಂದೇ ಪದ ಹುಡುಕಿ ಹುಡುಕಿ, “ವಾಟಲಂ... ತೂ... ಭರಶೀಲ.” ನೀನು ತುಂಬುತ್ತೀ ಅನ್ನಿಸಿತ್ತು.

ಕಾಕುಗೆ ಏನೂ ತಿಳಿಯಲಿಲ್ಲ. ಪೇಢೆ ತಟ್ಟೆಗೆ ಹಾಕಿ ತಂದರು. ತಿಂದೆ.

ಜುಲೈ 11, ಶುಕ್ರವಾರ. ಬೆಳಿಗ್ಗೆ

ಸಿಟ್ಟು ಬಂದಿದೆ. ಬರೆಯುತ್ತೇನೆ, ಇಲ್ಲಾದರೂ.

ಇಪ್ಪತ್ತಾರು ವಯಸ್ಸಿಗೆ ಹೋಗಿ ಅವರ ಮುಂದೆ ಕೂತಿದ್ದೆ. ಗೊತ್ತಿದ್ದೂ ಕೊಟ್ಟರು. ಋಷಿಗೆ ಕೊಟ್ಟರು, ನನಗೆ ಕೊಟ್ಟರು. ಕಾಯುವವರೇ ಹೀಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಮೊದಲ ದಿನ ಒಂದು ಮಾತು — ಇಲ್ಲಿ ತೂತಿದೆ, ನೋಡಿಕೊಂಡು ಹೋಗು — ಅಷ್ಟು ಹೇಳಲು ಏನಾಗಿತ್ತು? ನಂಬರ್ ಹಾಕು ಎಂದರಲ್ಲ, ಅದು ಹೇಳಿದ್ದಂತೆ! ತಾವು ಬಾಯಿ ಬಿಡುವ ಬದಲು ನನ್ನ ಕೈಯಿಂದಲೇ ತೆರೆಸಿದರು. ಪುಕ್ಕಲು ಮನುಷ್ಯ.

ಹೇಡಿ. ಹೇಡಿ. ಹೇಡಿ.

ಜುಲೈ 24, ಗುರುವಾರ

ಕಾಕು ಫೋನ್. ಸರ್ ಊಟ ಬಿಟ್ಟಿದ್ದಾರೆ, ಗಂಜಿ ಮಾತ್ರ. ಆದರೆ ಸಹಿ ಬಿಟ್ಟಿಲ್ಲ. “ತೀಚಂ ಝಾಲಂ ಕಾ, ಅಂತ ಕೇಳತಾರ,” ಎಂದರು ತಮ್ಮ ಅರ್ಧ ಕನ್ನಡದಲ್ಲಿ. ಅವಳದಾಯಿತಾ, ಅವಳದಾಯಿತಾ.

ಅತ್ತೆ ರಾಂಜಣಗಾಂವ ಗಣಪತಿಗೆ ಹರಕೆ ಹೇಳಿಕೊಂಡಿದ್ದಾರಂತೆ. ಕೆಳಗಿನ ಮನೆಯವರಿಗೆ ಈಗಲೇ ಹೇಳಿಬಿಟ್ಟಿದ್ದಾರೆ, ನಮ್ಮ ಸೊಸಿ ಡಾಕ್ಟರ್ ಆಗ್ತಾಳ, ಸೂಜಿ ಡಾಕ್ಟರ್ ಅಲ್ಲ, ಲೆಕ್ಕದ ಡಾಕ್ಟರ್.

ಜುಲೈ 29, ಮಂಗಳವಾರ. ಬೆಳಿಗ್ಗೆ 11.45

ಎರಡು ಹಾಳೆ ಒಯ್ದಿದ್ದೆ. ಒಂದು ಗೈಡ್ ಸರ್ಟಿಫಿಕೇಟ್. ಇನ್ನೊಂದು ನಾನು ಟೈಪ್ ಮಾಡಿದ ಅರ್ಧ ಪುಟ — 1991ರ ಲೆಮ್ಮಾ 4ರಲ್ಲಿ ದೋಷವಿದೆ, c₂₃ P ಯ ಮೇಲೆ ಅವಲಂಬಿಸಿದೆ, ಆದ್ದರಿಂದ ಈ ಪ್ರಬಂಧದ ಮುಖ್ಯ ಪ್ರಮೇಯ ನಿಲ್ಲುವುದಿಲ್ಲ. ಕೆಳಗೆ ಇಬ್ಬರ ಸಹಿಗೂ ಜಾಗ. ಪದವಿ ಹೋಗಲಿ, ಇಬ್ಬರೂ ಒಟ್ಟಿಗೆ ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಸರ್ಟಿಫಿಕೇಟಿಗೆ ಸಹಿ ಮಾಡಿದರು. ನಾಲಿಗೆ ಕಚ್ಚಿಕೊಂಡು, ನಿಧಾನ, ನಾಲ್ಕು ನಿಮಿಷ. ಕ್ಯಾಲೆಂಡರ್ ಹಾಳೆಗಳ ಯಾವ ಸಹಿಯೂ ಇಷ್ಟು ಚೆನ್ನಾಗಿರಲಿಲ್ಲ. ಕಾಕು ಚಪ್ಪಾಳೆ ತಟ್ಟಿದರು.

ಎರಡನೆಯ ಹಾಳೆ ಓದಿದರು. ಮತ್ತೊಮ್ಮೆ ಓದಿದರು. ಪೆನ್ನು ಹಾಳೆಯ ಮೇಲೆ ಇಟ್ಟರು, ಒಂದು ಚುಕ್ಕೆ ಬಿತ್ತು. ಆಮೇಲೆ ಪೆನ್ನು ಬಿಟ್ಟು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಕಣ್ಣಲ್ಲಿ ನೀರಿತ್ತು. ಪಾರ್ಶ್ವವಾಯು ಆದ ಮೇಲೆ ಆ ಕಣ್ಣಲ್ಲಿ ಯಾವಾಗಲೂ ನೀರಿರುತ್ತದೆ. ಅತ್ತರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಜುಲೈ 31, ಗುರುವಾರ. ಸಂಜೆ 4.10, ವಿದ್ಯಾಪೀಠದ ಬೆಂಚು

ಕೊಟ್ಟೆ.

ಸುಮ್ಮನೆ ಕೊಟ್ಟೆ. ಅರ್ಧ ಪುಟ ಬ್ಯಾಗಿನಲ್ಲೇ ಇದೆ. ಅಧ್ಯಾಯ ಮೂರರಲ್ಲಿ ನಂಬರುಗಳನ್ನೆಲ್ಲ ನಿನ್ನೆಯೇ ತೆಗೆದುಹಾಕಿದ್ದೆ. ಅಲ್ಲೀಗ ಒಂದೇ ಸಾಲಿದೆ: c ಎಂದರೆ ಒಂದು ಸ್ಥಿರಾಂಕ, ಅದು ಸಾಲಿನಿಂದ ಸಾಲಿಗೆ ಬದಲಾಗಬಹುದು. ಕ್ಲರ್ಕ್ ಪುಟ ಎಣಿಸಿದ, ಮಾರ್ಜಿನ್ ಅಳೆದ, ಸರ್‌ನ ಸಹಿ ನೋಡಿ “ಛಾನ್”, ಚೆನ್ನಾಗಿದೆ, ಎಂದ. ರಸೀದಿ ಕೊಟ್ಟ.

ನನ್ನ ಪ್ರತಿ ಮಡಿಲಲ್ಲಿದೆ. ಪುಟ 61 ತೆಗೆದೆ. ಪರ್ಸಿನಲ್ಲಿ ಪೆನ್ಸಿಲ್ ಇತ್ತು. ಹಿಂದೆ c₂₃ ಆಗಿದ್ದ c ಸುತ್ತ ಒಂದು ಸಣ್ಣ ವೃತ್ತ ಹಾಕಿದೆ. ಪಕ್ಕದಲ್ಲಿ P. ತಾರೀಖು ಹಾಕಿದೆ.

ಆಗಸ್ಟ್ 1, ಶುಕ್ರವಾರ

ನಿನ್ನೆ ಮನೆಗೆ ಬಂದಾಗ ಅತ್ತೆ ಹೋಳಿಗೆ ಮಾಡಿದ್ದರು. ಮಾಂತು ರಸೀದಿ ನೋಡಿದ, ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ. ಎರಡು ಹೋಳಿಗೆ ತಿಂದು ಬಾಲ್ಕನಿಗೆ ಹೋದ. ಚಪಾತಿಯಲ್ಲೂ ತಪ್ಪು ಹುಡುಕುವ ಮನುಷ್ಯ. ಕೇಳಬೇಕಿತ್ತು.

ನವೆಂಬರ್ 21, ಶುಕ್ರವಾರ

ಸರ್ ತೀರಿಕೊಂಡು ಹತ್ತು ದಿನ. ಕಾಕು ನೀಲಿ ಫೈಲ್ ನನಗೆ ಕೊಟ್ಟರು. ಅವರಿಗೆ ನಿನ್ನ ಮೇಲೆ ಎಷ್ಟು ಅಭಿಮಾನ ಇತ್ತು ಗೊತ್ತಾ ಎಂದರು. ಗೊತ್ತು.

ಜನವರಿ 19, ಸೋಮವಾರ

ವೈವಾ ಆಯಿತು. ನಲವತ್ತು ನಿಮಿಷ. ಪರೀಕ್ಷಕರು ಗ್ರಂಥಸೂಚಿಯಲ್ಲಿ ಎರಡು ಇಸವಿ ತಪ್ಪಿದೆ ಎಂದರು. ಅಧ್ಯಾಯ ಮೂರು “ಎಲಿಗಂಟ್” ಎಂದರು. ಎಲ್ಲರಿಗೂ ಸಮೋಸಾ.

ಪುಟ 61 ಕೇಳುತ್ತಾರೆ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆಯಿಂದ ಕಾಯುತ್ತಿದ್ದೆ. ಕೇಳಲಿಲ್ಲ.

ಫೆಬ್ರವರಿ 12, ಗುರುವಾರ. ಮಧ್ಯಾಹ್ನ 2.30, ಡಿಪಾರ್ಟ್‌ಮೆಂಟ್

ಪರ್ಮನೆಂಟ್ ಆದ ಮೇಲೆ ಎಮ್ಮೆಸ್ಸಿ ಪ್ರಾಜೆಕ್ಟ್‌ಗಳೂ ನನ್ನ ಪಾಲಿಗೆ. ಬೆಳಿಗ್ಗೆ ಭಾಗ್ಯಾ ಬಂದಳು. ಯಾದಗಿರಿ ಕಡೆಯವರು. ಅಪ್ಪ ಭೀಮಣ್ಣ ಖರಾಡಿಯ ಕಟ್ಟಡಗಳಲ್ಲಿ ಗಾರೆ ಕೆಲಸ. ಹುಡುಗಿ ಚುರುಕು, ಹಟಮಾರಿ. ನಾನು ಕನ್ನಡದವಳು ಎಂದು ತಿಳಿದಾಗಿನಿಂದ ಬಿಡುತ್ತಿಲ್ಲ.

“ಮೇಡಂ, ನಿಮ್ಮ ಥೀಸಿಸ್ ಓದೀನ್ರಿ ನಾ. ಅರ್ಧ ತಿಳೀಲಿಲ್ರಿ. ಆದ್ರ ಭಾಳ ಚಂದ ಅದರಿ. ನಾ ಅದನ್ನ ಮುಂದ ಒಯ್ಯಬೇಕಂತ ಮಾಡೀನ್ರಿ. ಎಲ್ಲಿಂದ ಸುರು ಮಾಡ್ಲಿ?”

ಬೇರೆ ವಿಷಯ ತಗೋ ಎನ್ನಬೇಕಿತ್ತು. ಅಥವಾ ಪುಟ 61 ತೆಗೆದು ತೋರಿಸಬೇಕಿತ್ತು. ಫೈಲ್ ಡ್ರಾಯರ್‌ನಲ್ಲೇ ಇತ್ತು, ನನ್ನ ಪ್ರತಿಯೂ ಅದರಲ್ಲೇ.

“ಮೊದ್ಲ ಎಲ್ಲಾ c ಬ್ಯಾರೆ ಮಾಡು,” ಎಂದೆ. “ಒಂದೊಂದಕ್ಕೂ ನಂಬರ್ ಹಾಕು.”

ನನ್ನ ಬಾಯಿಂದ ಬಂದದ್ದು ಸರ್ ಮಾತೇ. ಅವಳು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. “ಎಷ್ಟು ದಿನ ಹಿಡೀತದ್ರಿ ಮೇಡಂ?” ಎಂದಳು.

ನೋಡೋಣ ಎಂದೆ.

ಈಗ ಬಾಗಿಲಾಚೆಯ ಬೆಂಚಿನಲ್ಲೇ ಕೂತಿದ್ದಾಳೆ. ಊಟಕ್ಕೂ ಹೋಗಿಲ್ಲ. ಸ್ಕೇಲ್ ಇಟ್ಟು ಗೆರೆ ಎಳೆದು, ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯುತ್ತಿದ್ದಾಳೆ. c₁. c₂. c₃ ಹತ್ತಿರ ಬಂದಿದ್ದಾಳೆ. ಇನ್ನೂ ಇಪ್ಪತ್ತು ಇವೆ. ಈಗಲೇ ಎದ್ದು ಹೋಗಿ ಹೇಳಿದರೆ ಅವಳ ವರ್ಷಗಳಾದರೂ ಉಳಿಯುತ್ತವೆ. ಹೇಳಿದರೆ…